ಇಪ್ಪತ್ತು ಸಾವಿರ ಎಂದು ಬರೆದಿತ್ತು: ಪ್ರಯಾಣಕ್ಕೆ ಪವರ್ ಬ್ಯಾಂಕ್ ಕೊಳ್ಳುವ ಮುನ್ನ

ಮೊದಲೇ ಒಂದು ಮಾತು. ಕಾಲೇಜಿಗೆ ಮೊಬೈಲ್ ತರಬಾರದು ಎಂಬ ನಿಯಮ ನನಗೂ ಗೊತ್ತು, ಉಪನ್ಯಾಸಕರು ಗಾಬರಿಯಾಗುವುದು ಬೇಡ. ಈ ಲೇಖನ ಪ್ರಯಾಣದ ಬಗ್ಗೆ. ಮುಂದಿನ ತಿಂಗಳು ಶೈಕ್ಷಣಿಕ ಪ್ರವಾಸ ಇದೆ. ಪರೀಕ್ಷೆ ಮುಗಿದ ಮೇಲೆ ಕೌನ್ಸೆಲಿಂಗ್, ಪ್ರವೇಶ, ಸಂದರ್ಶನ ಎಂದು ನಮ್ಮಲ್ಲಿ ಎಷ್ಟೋ ಜನ ರಾತ್ರಿ ಬಸ್ಸು ಹತ್ತಬೇಕಾಗುತ್ತದೆ. ಆಗ ಚೀಲದಲ್ಲಿ ಒಂದು ಪವರ್ ಬ್ಯಾಂಕ್ ಇರುತ್ತದೆ. ಅದು ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಬಸ್ಸು ಹತ್ತಿದ ಮೇಲೆ ತಿಳಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯವರು ನೋಡಿದ್ದೇವೆ.

ಕಳೆದ ವರ್ಷ ನನ್ನ ಆಪಾಗೆ ಬೆಂಗಳೂರಿನಿಂದ ಸಂದರ್ಶನದ ಕರೆ ಬಂತು. ಬಿ.ಕಾಂ. ಮುಗಿಸಿದ ಮೇಲೆ ಬಂದ ಮೊದಲ ಕರೆ ಅದು. ವಿಜಯಪುರದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹತ್ತು, ಹನ್ನೊಂದು ಗಂಟೆ ಬೇಕು. ಒಬ್ಬಳೇ ಹೋಗುವುದಕ್ಕೆ ಅಬ್ಬಾ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಫೋನ್ ಬಂದ್ ಆಗಬಾರದು. ಅದಕ್ಕಾಗಿ ಅವಳು ಇಲ್ಲಿಯೇ ಒಂದು ಅಂಗಡಿಯಲ್ಲಿ 450 ರೂಪಾಯಿ ಕೊಟ್ಟು ಪವರ್ ಬ್ಯಾಂಕ್ ತಂದಳು. ಮೇಲೆ ದೊಡ್ಡದಾಗಿ 20000 ಎಂದು ಬರೆದಿತ್ತು. ಬಿಲ್ ಕೊಡಲಿಲ್ಲ, ಇವಳೂ ಕೇಳಲಿಲ್ಲ.

ಬಸ್ಸಿನ ಸೀಟಿನ ಪಕ್ಕದ ಚಾರ್ಜಿಂಗ್ ಪಾಯಿಂಟ್ ಕೆಟ್ಟಿತ್ತು. ಊಟಕ್ಕೆ ನಿಲ್ಲಿಸಿದಾಗ ಅವಳು ಪವರ್ ಬ್ಯಾಂಕ್ ಹಾಕಿ ಮಲಗಿದಳು. ನಸುಕಿನಲ್ಲಿ ಎದ್ದು ನೋಡಿದರೆ ಎರಡೂ ಸತ್ತು ಹೋಗಿದ್ದವು. ಖಾಲಾ ಮನೆಯ ವಿಳಾಸ, ಕಂಪನಿಯ ವಿಳಾಸ, ಹಣ ಕಟ್ಟುವ ಆ್ಯಪ್, ಎಲ್ಲ ಆ ಫೋನಿನೊಳಗೆ. ಆರು ಗಂಟೆಗೆ ಮೆಜೆಸ್ಟಿಕ್‌ನಲ್ಲಿ ಇಳಿದವಳು ಅಬ್ಬಾಗೆ ಇನ್ನೊಬ್ಬರ ಫೋನಿನಿಂದ ಕರೆ ಮಾಡಿದ್ದು ಎಂಟೂವರೆಗೆ. ಅಲ್ಲಿಯವರೆಗೆ ನಾವು ನಲವತ್ತಕ್ಕೂ ಹೆಚ್ಚು ಸಲ ಅವಳ ನಂಬರ್ ಒತ್ತಿದ್ದೆವು. ಅಮ್ಮಿ ಫಜರ್ ನಮಾಜಿಗೆ ಕೂತ ಜಾನಮಾಜಿನಿಂದ ಎದ್ದಿರಲೇ ಇಲ್ಲ. ಸಂದರ್ಶನ ಹೇಗೋ ಆಯಿತು. ಆದರೆ ಅವಳು ಮನೆಗೆ ಬಂದ ದಿನ ಅಬ್ಬಾ, "ಇನ್ಮೇಲೆ ಒಬ್ಬಳೇ ಹೋಗೋದು ಬೇಡ ಬೇಟಿ" ಎಂದುಬಿಟ್ಟರು. ಬೈಯಲಿಲ್ಲ, ಅದಕ್ಕೇ ಯಾರಿಗೂ ಎದುರು ಮಾತಾಡಲು ಆಗಲಿಲ್ಲ.

ಮೊಬೈಲ್ ರಿಪೇರಿ ಮಾಡುವ ನಮ್ಮ ಮಾಮು ಆ ಪವರ್ ಬ್ಯಾಂಕನ್ನು ಕೈಯಲ್ಲಿ ಹಿಡಿದು ನಕ್ಕರು. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ 140 ಗ್ರಾಂ. ಆಮೇಲೆ ಬಿಚ್ಚಿ ತೋರಿಸಿದರು. ದೊಡ್ಡ ಡಬ್ಬಿಯೊಳಗೆ ಒಂದೇ ಒಂದು ಸಣ್ಣ ಸೆಲ್. ಅದರ ಮೇಲೆ 3000 ಎಂದಿತ್ತು. ಉಳಿದ ಜಾಗ ಖಾಲಿ. (ನೀವು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಲಿಥಿಯಂ ಸೆಲ್‌ಗೆ ತೂತು ಬಿದ್ದರೆ ಬೆಂಕಿ ಹತ್ತುತ್ತದೆ.)

ಅಂದಿನಿಂದ ನಾನು ಈ ವಿಷಯದ ಹಿಂದೆ ಬಿದ್ದೆ. ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

10000 ಎಂದರೆ ನಿಜವಾಗಿ ಎಷ್ಟು?

ಪವರ್ ಬ್ಯಾಂಕ್ ಮೇಲೆ ಬರೆದಿರುವ ಎಂಎಎಚ್ ಅಂದರೆ ಮಿಲಿ ಆ್ಯಂಪಿಯರ್ ಅವರ್. 10000 ಎಂಎಎಚ್ ಪವರ್ ಬ್ಯಾಂಕ್ 5000 ಎಂಎಎಚ್ ಫೋನನ್ನು ಎರಡು ಸಲ ತುಂಬಿಸುತ್ತದೆ ಎಂದು ನಾವೆಲ್ಲ ಲೆಕ್ಕ ಹಾಕುತ್ತೇವೆ. ಒಳ್ಳೆಯ ಕಂಪನಿಯದಾದರೂ ಅದು ಸುಮಾರು ಒಂದೂವರೆ ಸಲ ಮಾತ್ರ ತುಂಬಿಸುತ್ತದೆ. ಇದು ಮೋಸವಲ್ಲ, ಇದಕ್ಕೆ ಕಾರಣವಿದೆ.

ಒಳಗಿನ ಲಿಥಿಯಂ ಸೆಲ್ ಕೆಲಸ ಮಾಡುವುದು ಸುಮಾರು 3.7 ವೋಲ್ಟ್‌ನಲ್ಲಿ. ಆದರೆ ಯುಎಸ್‌ಬಿ ಮೂಲಕ ಹೊರಗೆ ಬರುವುದು 5 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು. ಉಮ್ರಾಗೆ ಹೋಗುವವರು ರೂಪಾಯಿ ಕೊಟ್ಟು ರಿಯಾಲ್ ತೆಗೆದುಕೊಳ್ಳುವುದನ್ನು ನೆನಪಿಸಿಕೊಳ್ಳಿ. ನೋಟಿನ ಸಂಖ್ಯೆ ಕಡಿಮೆಯಾಗುತ್ತದೆ, ಅದು ವಿನಿಮಯ ದರ. ಅದರ ಮೇಲೆ ಬದಲಿಸಿ ಕೊಡುವವನ ಕಮಿಷನ್ ಬೇರೆ. ಇಲ್ಲಿಯೂ ಹಾಗೆಯೇ:

10000 × 3.7 ÷ 5 = 7400 ಎಂಎಎಚ್. ಇದು ವಿನಿಮಯ ದರ.

ಬದಲಿಸುವ ಸರ್ಕ್ಯೂಟ್ ಬಿಸಿಯಾಗಿ ಶೇ. 10 ರಿಂದ 20 ರಷ್ಟು ಶಕ್ತಿ ನಷ್ಟವಾಗುತ್ತದೆ. ಇದು ಕಮಿಷನ್.

ಉಳಿಯುವುದು ಸುಮಾರು 6000 ದಿಂದ 6500 ಎಂಎಎಚ್.

ಪ್ರಾಮಾಣಿಕ ಕಂಪನಿಗಳು ಈ ಎರಡನೇ ಸಂಖ್ಯೆಯನ್ನೂ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ 'ರೇಟೆಡ್ ಕೆಪಾಸಿಟಿ' ಎಂದು ಮುದ್ರಿಸುತ್ತವೆ. ಕೊಳ್ಳುವಾಗ ನೋಡಬೇಕಾದದ್ದು ಆ ಸಣ್ಣ ಅಕ್ಷರವನ್ನು. ಆ ಸಾಲೇ ಇಲ್ಲದಿದ್ದರೆ ಅನುಮಾನ ಪಡಿ.

ಎಂಎಎಚ್‌ಗಿಂತ ಸರಿಯಾದ ಅಳತೆ ವಾಟ್-ಅವರ್. ಎಂಎಎಚ್ ಅನ್ನು 3.7 ರಿಂದ ಗುಣಿಸಿ 1000 ದಿಂದ ಭಾಗಿಸಿದರೆ ಅದು ಸಿಗುತ್ತದೆ. 10000 ಎಂಎಎಚ್ ಎಂದರೆ 37 ವಾಟ್-ಅವರ್. 20000 ಎಂದರೆ 74. ಇಂದಿನ 5000 ಎಂಎಎಚ್ ಫೋನಿನ ಬ್ಯಾಟರಿ ಸುಮಾರು 19 ವಾಟ್-ಅವರ್. ವಾಟ್-ಅವರ್ ಲೆಕ್ಕ ಗೊತ್ತಿದ್ದರೆ ಮುಂದೆ ವಿಮಾನದ ನಿಯಮವೂ ಸುಲಭವಾಗಿ ಅರ್ಥವಾಗುತ್ತದೆ.

ತಕ್ಕಡಿ ಸುಳ್ಳು ಹೇಳುವುದಿಲ್ಲ

ಅಂಗಡಿಯಲ್ಲಿ ನಿಂತು ಸೆಲ್ ಬಿಚ್ಚಿ ನೋಡಲು ಆಗುವುದಿಲ್ಲ. ಆದರೆ ತೂಕ ನೋಡಬಹುದು. ಲಿಥಿಯಂ ಸೆಲ್ ಒಂದು ಕೆ.ಜಿ. ತೂಕದಲ್ಲಿ ಸುಮಾರು 200 ರಿಂದ 250 ವಾಟ್-ಅವರ್ ಹಿಡಿದಿಡುತ್ತದೆ. ಹಾಗಾದರೆ 74 ವಾಟ್-ಅವರ್ ಬೇಕೆಂದರೆ ಸೆಲ್‌ಗಳೇ ಸುಮಾರು 300 ಗ್ರಾಂ ಇರಬೇಕು. ಮೇಲಿನ ಕವಚ ಮತ್ತು ಸರ್ಕ್ಯೂಟ್ ಸೇರಿ 20000 ಎಂಎಎಚ್ ಪವರ್ ಬ್ಯಾಂಕ್ ಸಾಮಾನ್ಯವಾಗಿ 350 ರಿಂದ 450 ಗ್ರಾಂ ತೂಗುತ್ತದೆ. 10000 ದ್ದು 180 ರಿಂದ 250 ಗ್ರಾಂ. ಆಪಾ ತಂದದ್ದು 140 ಗ್ರಾಂ ಇತ್ತು ಎಂದರೆ ಅದರೊಳಗೆ 20000 ಇರಲು ಸಾಧ್ಯವೇ ಇರಲಿಲ್ಲ. ಕೈಯಲ್ಲಿ ಹಿಡಿದಾಗಲೇ ಗೊತ್ತಾಗಬೇಕಿತ್ತು.

ತೂಕ ಸರಿಯಿದ್ದರೆ ವಸ್ತು ಒಳ್ಳೆಯದು ಎಂದು ಹೇಳಲಾಗದು. ಭಾರ ಬರಲೆಂದು ಒಳಗೆ ಬೇರೆ ಏನಾದರೂ ತುಂಬಿರುವ ಡಬ್ಬಿಗಳೂ ಸಿಗುತ್ತವೆ ಎಂದು ಮಾಮು ಹೇಳುತ್ತಾರೆ. ಆದರೆ ತೂಕವೇ ಇಲ್ಲದಿದ್ದರೆ ಅದು ಖಂಡಿತ ಸುಳ್ಳು.

ಕುರ್‌ಆನಿನ 83ನೇ ಅಧ್ಯಾಯದ ಹೆಸರು ಸೂರಾ ಅಲ್ ಮುತಫ್ಫಿಫೀನ್. ಅಳತೆಯಲ್ಲಿ ಕಡಿಮೆ ಕೊಡುವವರು ಎಂದು ಅದರ ಅರ್ಥ. ಮದರಸಾದಲ್ಲಿ ಓದುವಾಗ ಅದು ಧಾನ್ಯ ಅಳೆಯುವವರಿಗೆ, ಹಾಲು ಮಾರುವವರಿಗೆ ಹೇಳಿದ ಮಾತು ಎಂದುಕೊಂಡಿದ್ದೆ. 3000 ತುಂಬಿ 20000 ಎಂದು ಬರೆಯುವುದೂ ಅದೇ ತಪ್ಪು ಎಂದು ಈಗ ಅನಿಸುತ್ತದೆ.

ನೋಡಬೇಕಾದ ಗುರುತು

ಭಾರತದಲ್ಲಿ ಮಾರುವ ಪವರ್ ಬ್ಯಾಂಕ್‌ಗಳಿಗೆ ಭಾರತೀಯ ಮಾನಕ ಬ್ಯೂರೋದ, ಅಂದರೆ ಬಿಐಎಸ್‌ನ ಕಡ್ಡಾಯ ನೋಂದಣಿ ಬೇಕು. ಅನ್ವಯವಾಗುವ ಮಾನಕ ಐಎಸ್ 13252 (ಭಾಗ 1). ಪವರ್ ಬ್ಯಾಂಕ್ ಹಿಂಬದಿಯಲ್ಲಿ ಬಿಐಎಸ್ ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ಸಂಖ್ಯೆ ಇರುತ್ತದೆ. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಆದ್ದರಿಂದ ಅಷ್ಟಕ್ಕೇ ಬಿಡಬೇಡಿ. 'ಬಿಐಎಸ್ ಕೇರ್' ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆ ಆರ್ ನಂಬರ್ ಹಾಕಿ ನೋಡಿ. ಯಾವ ತಯಾರಕ, ಯಾವ ವಸ್ತು, ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಒಂದು ನಿಮಿಷದ ಕೆಲಸ. ಆಪಾ ತಂದ ಡಬ್ಬಿಯ ಮೇಲೆ ಆ ಸಂಖ್ಯೆಯೇ ಇರಲಿಲ್ಲ.

ಇದರ ಜೊತೆಗೆ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕ ಅಥವಾ ಆಮದುದಾರನ ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಗ್ರಾಹಕ ಸೇವೆಯ ನಂಬರ್ ಇರಬೇಕು. ಇದು ಕಾನೂನು. ತಯಾರಾದ ದಿನಾಂಕ ಯಾಕೆ ಮುಖ್ಯವೆಂದರೆ, ಲಿಥಿಯಂ ಸೆಲ್ ಬಳಸದೆ ಇಟ್ಟರೂ ನಿಧಾನವಾಗಿ ಹಳೆಯದಾಗುತ್ತದೆ. ಎರಡು ಮೂರು ವರ್ಷ ಗೋದಾಮಿನಲ್ಲಿದ್ದದ್ದು ಅಗ್ಗಕ್ಕೆ ಸಿಕ್ಕರೂ ಬೇಡ.

ವಾಟ್, ಪೋರ್ಟ್, ಕೇಬಲ್

ಎಷ್ಟು ತುಂಬಿದೆ ಎಂಬುದು ಎಂಎಎಚ್. ಎಷ್ಟು ವೇಗವಾಗಿ ಕೊಡುತ್ತದೆ ಎಂಬುದು ವಾಟ್. 10 ವಾಟ್‌ನದು ಸಾಧಾರಣ ವೇಗ. ಇಂದು ಕಡಿಮೆ ಬೆಲೆಯಲ್ಲಿಯೂ 20 ಅಥವಾ 22.5 ವಾಟ್‌ನದು ಸಿಗುತ್ತದೆ. ಬಸ್ಸು ಊಟಕ್ಕೆ ನಿಲ್ಲುವ ಅರ್ಧ ಗಂಟೆಯಲ್ಲಿ ಆಗುವ ಚಾರ್ಜ್‌ನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಆದರೆ ಒಂದು ಎಚ್ಚರಿಕೆ. ಕೆಲವು ಕಂಪನಿಗಳ ಫೋನಿನ ಅತಿ ವೇಗದ ಚಾರ್ಜಿಂಗ್ ಅವರದೇ ಚಾರ್ಜರ್ ಮತ್ತು ಕೇಬಲ್ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಅಂಥ ಫೋನಿಗೆ 65 ವಾಟ್‌ನ ದುಬಾರಿ ಪವರ್ ಬ್ಯಾಂಕ್ ಕೊಂಡರೂ ನಿಧಾನವಾಗಿಯೇ ಚಾರ್ಜ್ ಆಗಬಹುದು. ಸುಮ್ಮನೆ ಹೆಚ್ಚು ವಾಟ್‌ಗೆ ದುಡ್ಡು ಹಾಕಬೇಡಿ.

ಹೊರಗೆ ಕೊಡುವ ವೇಗ ನೋಡುವ ನಾವು ಒಳಗೆ ತೆಗೆದುಕೊಳ್ಳುವ ವೇಗ ನೋಡುವುದಿಲ್ಲ. 10000 ಎಂಎಎಚ್‌ನದು 10 ವಾಟ್ ಇನ್‌ಪುಟ್‌ನಲ್ಲಿ ತುಂಬಲು ಐದು ಗಂಟೆಯ ಹತ್ತಿರ ಬೇಕು. 18 ವಾಟ್ ಆದರೆ ಮೂರು ಗಂಟೆ ಸಾಕು. 20000 ಕ್ಕೆ ಇದರ ಎರಡು ಪಟ್ಟು. ಕರೆಂಟು ಹೋಗಿ ಬರುವ ಊರಿನಲ್ಲಿ, ಸಂಜೆ ನೆನಪಾಗಿ ರಾತ್ರಿ ಬಸ್ಸು ಹತ್ತುವವರಿಗೆ ಇದು ಮುಖ್ಯ. ಟೈಪ್-ಸಿ ಪೋರ್ಟ್ ಇರುವುದನ್ನೇ ಕೊಳ್ಳಿ. ಹಳೆಯ ಮೈಕ್ರೋ ಯುಎಸ್‌ಬಿ ಮಾತ್ರ ಇರುವುದು ಬೇಡ.

ಕೇಬಲ್ ಬಗ್ಗೆ ಒಂದೇ ಮಾತು: ಪವರ್ ಬ್ಯಾಂಕ್ ಸರಿಯಿದ್ದು ಕೇಬಲ್ ಕಳಪೆಯಾದರೆ ಎಲ್ಲ ವ್ಯರ್ಥ. ಫೋನಿನ ಜೊತೆ ಬಂದ ಕೇಬಲನ್ನೇ ಒಯ್ಯಿರಿ.

ಯಾರಿಗೆ ಎಷ್ಟು ಬೇಕು?

ಒಂದು ರಾತ್ರಿಯ ಬಸ್ಸು, ಒಂದು ಫೋನು, ಮರುದಿನ ಸಂಜೆಗೆ ಮನೆ ಅಥವಾ ಹಾಸ್ಟೆಲ್ ಎನ್ನುವವರಿಗೆ 10000 ಸಾಕು. ಎರಡು ಮೂರು ದಿನದ ಪ್ರವಾಸ, ಅಥವಾ ಇಬ್ಬರು ಸೇರಿ ಒಂದನ್ನೇ ಬಳಸುತ್ತೀರಿ ಎಂದರೆ 20000 ನೋಡಬಹುದು. ಆದರೆ ಅದು ಅರ್ಧ ಕೆ.ಜಿ. ಹತ್ತಿರ ತೂಗುತ್ತದೆ, ತುಂಬಲು ಹೆಚ್ಚು ಹೊತ್ತು ಬೇಕು. ದಿನಾ ಹೊರಲು ಬೇಸರವಾಗಿ ಕೊನೆಗೆ ಮನೆಯಲ್ಲೇ ಬಿಟ್ಟು ಹೋಗುತ್ತೀರಿ.

ರೈಲಿನಲ್ಲಿ ಪಾಯಿಂಟ್ ಇರುತ್ತದಲ್ಲ, ಪವರ್ ಬ್ಯಾಂಕ್ ಯಾಕೆ ಎಂದು ಕೇಳಬಹುದು. ಬೆಂಕಿ ಅವಘಡ ತಪ್ಪಿಸಲು ರಾತ್ರಿ 11 ರಿಂದ ಬೆಳಿಗ್ಗೆ 5 ರವರೆಗೆ ಆ ಪಾಯಿಂಟ್‌ಗಳನ್ನು ಬಂದ್ ಇಡುವ ಸೂಚನೆ ರೈಲ್ವೆಯಲ್ಲಿದೆ. ಅದೂ ಅಲ್ಲದೆ ಸಾಮಾನ್ಯ ಬೋಗಿಯಲ್ಲಿ ಆ ಪಾಯಿಂಟ್ ಹತ್ತಿರ ನಮ್ಮ ಕೈ ತಲುಪುವುದೇ ಕಷ್ಟ.

ಅಗ್ಗದ್ದು ನಿಜವಾಗಿ ಅಗ್ಗವೇ? ಒಂದು ಲೆಕ್ಕ

ನಾನು ವಾಣಿಜ್ಯ ವಿಭಾಗದವಳು. ಲೆಕ್ಕ ಬರೆಯದೆ ಮುಗಿಸಿದರೆ ನಮ್ಮ ಲೆಕ್ಕಶಾಸ್ತ್ರದ ಸರ್ ಬಿಡುವುದಿಲ್ಲ.

ಮೊದಲನೆಯದು, ಆಪಾ ತಂದದ್ದು. ಬೆಲೆ 450 ರೂಪಾಯಿ. ಒಳಗಿದ್ದ 3000 ಎಂಎಎಚ್ ಎಂದರೆ 11 ವಾಟ್-ಅವರ್. ನಷ್ಟ ಕಳೆದು ಕೈಗೆ ಸಿಗುವುದು ಸುಮಾರು 9. ಅಂದರೆ ಒಂದು ವಾಟ್-ಅವರ್‌ಗೆ 50 ರೂಪಾಯಿ.

ಎರಡನೆಯದು, ನಾವು ಆಮೇಲೆ ತಂದದ್ದು. ಬೆಲೆ 1,180 ರೂಪಾಯಿ. 10000 ಎಂಎಎಚ್, ರೇಟೆಡ್ ಕೆಪಾಸಿಟಿ 5 ವೋಲ್ಟ್‌ನಲ್ಲಿ 6000. ಅಂದರೆ 30 ವಾಟ್-ಅವರ್. ಒಂದು ವಾಟ್-ಅವರ್‌ಗೆ ಸುಮಾರು 39 ರೂಪಾಯಿ.

ಈಗ ಸವಕಳಿ ನೋಡೋಣ. ಒಳ್ಳೆಯ ಲಿಥಿಯಂ ಸೆಲ್ 300 ರಿಂದ 500 ಸಲ ಪೂರ್ತಿ ತುಂಬಿ ಖಾಲಿ ಮಾಡಿದ ಮೇಲೆಯೂ ಸುಮಾರು ಶೇ. 80 ರಷ್ಟು ಸಾಮರ್ಥ್ಯ ಉಳಿಸಿಕೊಳ್ಳುತ್ತದೆ. ವಾರಕ್ಕೆರಡು ಸಲ ಬಳಸಿದರೂ ಮೂರು ವರ್ಷಕ್ಕೆ ಸುಮಾರು 300 ಸಲ ಆಗುತ್ತದೆ. ಸ್ಥಿರ ಕಂತಿನ ವಿಧಾನದಲ್ಲಿ, ಮೂರು ವರ್ಷದ ಆಯುಷ್ಯ, ಗುಜರಿ ಬೆಲೆ ಸೊನ್ನೆ ಎಂದು ಹಿಡಿದರೆ ಎರಡನೆಯದರ ವಾರ್ಷಿಕ ಸವಕಳಿ ಸುಮಾರು 393 ರೂಪಾಯಿ. ಮೊದಲನೆಯದು? ಒಂದೇ ಪ್ರಯಾಣದಲ್ಲಿ ಪೂರ್ತಿ 450 ರೂಪಾಯಿ ನಷ್ಟ. ಅಮ್ಮಿಯ ಆ ಎರಡೂವರೆ ಗಂಟೆಯನ್ನು ಯಾವ ಖಾತೆಗೆ ಖರ್ಚು ಬರೆಯಬೇಕೋ ನನಗೆ ಗೊತ್ತಿಲ್ಲ.

ಇನ್ನು ಬಿಲ್. ಲಿಥಿಯಂ ಪವರ್ ಬ್ಯಾಂಕ್ ಮೇಲಿನ ಜಿಎಸ್‌ಟಿ ಮೊದಲು ಶೇ. 28 ಇತ್ತು, 2019ರ ಜನವರಿಯಿಂದ ಶೇ. 18 ಆಯಿತು. ನಾವು ಕೊಟ್ಟ 1,180 ರಲ್ಲಿ 1,000 ವಸ್ತುವಿನ ಬೆಲೆ, 180 ತೆರಿಗೆ. "ಬಿಲ್ ಬೇಡ ಅಂದ್ರೆ ನೂರು ಕಡಿಮೆ ಮಾಡ್ತೀನಿ" ಎಂದು ಅಂಗಡಿಯವರು ಹೇಳಿದರೆ ಆಸೆ ಆಗುತ್ತದೆ. ಆದರೆ ಬಿಲ್ ಇಲ್ಲದಿದ್ದರೆ ವಾರಂಟಿ ಕೇಳುವುದು ಹೇಗೆ? ವ್ಯವಹಾರ ಅಧ್ಯಯನದ ಗ್ರಾಹಕ ಸಂರಕ್ಷಣೆ ಪಾಠದಲ್ಲಿ ಸುರಕ್ಷತೆಯ ಹಕ್ಕು, ಮಾಹಿತಿಯ ಹಕ್ಕು, ಪರಿಹಾರದ ಹಕ್ಕು ಎಂದು ನಾವು ಅಂಕಕ್ಕಾಗಿ ಬಾಯಿಪಾಠ ಮಾಡುತ್ತೇವೆ. ಬಿಲ್ ಕೈಯಲ್ಲಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ಕೊಡಬಹುದು. ನಮ್ಮ ಹತ್ತಿರ ಬಿಲ್ ಇರಲಿಲ್ಲ. ಅಬ್ಬಾ ಹೋಗಿ ಕೇಳಿದಾಗ ಅಂಗಡಿಯವರು, "ಇದು ನಮ್ಮದಲ್ಲ" ಎಂದರು. ಅಲ್ಲಿಗೆ ಮುಗಿಯಿತು.

ವಿಮಾನದಲ್ಲಿ ಹೋಗುವವರಿಗೆ

ನಮ್ಮಲ್ಲಿ ಅನೇಕರ ಮನೆಯಿಂದ ದಾದಾ, ದಾದಿ, ನಾನಿಯರು ಉಮ್ರಾಗೆ, ಹಜ್‌ಗೆ ಹೋಗುತ್ತಾರೆ. ಅವರ ಸಾಮಾನು ಕಟ್ಟುವವರು ನಾವೇ. ಆದ್ದರಿಂದ ಇದನ್ನು ತಿಳಿದಿರಬೇಕು.

ಪವರ್ ಬ್ಯಾಂಕನ್ನು ಚೆಕ್-ಇನ್ ಮಾಡುವ ದೊಡ್ಡ ಸೂಟ್‌ಕೇಸಿನಲ್ಲಿ ಇಡುವಂತಿಲ್ಲ. ಕೈಚೀಲದಲ್ಲೇ ಇರಬೇಕು. ಸಾಮಾನಿನ ಕೋಣೆಯಲ್ಲಿ ಬೆಂಕಿ ಹತ್ತಿದರೆ ಯಾರಿಗೂ ಕಾಣುವುದಿಲ್ಲ, ಸೀಟಿನ ಹತ್ತಿರ ಹತ್ತಿದರೆ ಸಿಬ್ಬಂದಿ ಕೂಡಲೇ ಆರಿಸಬಹುದು. 100 ವಾಟ್-ಅವರ್‌ವರೆಗೆ ಸಾಮಾನ್ಯವಾಗಿ ಅನುಮತಿ ಇದೆ. ನಮ್ಮ ಲೆಕ್ಕ ಹಾಕಿ: 27000 ಎಂಎಎಚ್ ಎಂದರೆ 99.9 ವಾಟ್-ಅವರ್, ಅಲ್ಲಿಗೆ ಮಿತಿ ಮುಗಿಯಿತು. 30000 ಆದರೆ 111. ನೂರರಿಂದ 160 ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಅದಕ್ಕಿಂತ ಹೆಚ್ಚಿನದನ್ನು ಒಯ್ಯುವಂತೆಯೇ ಇಲ್ಲ. ಮೇಲೆ ಬರೆದ ಅಕ್ಷರ ಅಳಿಸಿ ಹೋಗಿ ಸಾಮರ್ಥ್ಯ ಓದಲು ಬರದಿದ್ದರೆ ತಪಾಸಣೆಯಲ್ಲಿ ತೆಗೆದಿಡಬಹುದು.

2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್‌ಹೇ ವಿಮಾನ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಬಿತ್ತು. ಒಳಗಿದ್ದವರೆಲ್ಲ ಪಾರಾದರು. ಮೇಲಿನ ಸಾಮಾನು ಪೆಟ್ಟಿಗೆಯಲ್ಲಿದ್ದ ಪವರ್ ಬ್ಯಾಂಕ್ ಇದಕ್ಕೆ ಕಾರಣವಾಗಿರಬಹುದು ಎಂದು ತನಿಖೆ ಮಾಡಿದವರು ಹೇಳಿದರು. ಆ ಬಳಿಕ ಹಲವು ವಿಮಾನ ಸಂಸ್ಥೆಗಳು ನಿಯಮ ಬಿಗಿ ಮಾಡಿವೆ. ಎಮಿರೇಟ್ಸ್ ಸಂಸ್ಥೆ 2025ರ ಅಕ್ಟೋಬರ್ 1 ರಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸುವುದನ್ನೇ ನಿಷೇಧಿಸಿದೆ. 100 ವಾಟ್-ಅವರ್‌ಗಿಂತ ಕಡಿಮೆಯ ಒಂದನ್ನು ಮಾತ್ರ ಜೊತೆಯಲ್ಲಿ ಇಟ್ಟುಕೊಳ್ಳಬಹುದು. ಆದ್ದರಿಂದ ಟಿಕೆಟ್ ಯಾವ ಸಂಸ್ಥೆಯದೋ ಅದರ ನಿಯಮವನ್ನು ಹೊರಡುವ ಮೊದಲು ಓದಿ, ಹಿರಿಯರಿಗೆ ಅವರ ಭಾಷೆಯಲ್ಲಿ ಬಿಡಿಸಿ ಹೇಳಿ.

ತಂದ ಮೇಲೆ

ತಂದ ವಾರದಲ್ಲೇ ಪರೀಕ್ಷೆ ಮಾಡಿ. ಪೂರ್ತಿ ತುಂಬಿಸಿ, ಫೋನನ್ನು ಶೇ. 10 ರಿಂದ ಚಾರ್ಜ್ ಮಾಡುತ್ತ ಹೋಗಿ. 10000 ದ್ದು ಫೋನನ್ನು ಒಂದು ಸಲ ತುಂಬಿಸಿ, ಎರಡನೇ ಸಲ ಅರ್ಧದ ಹತ್ತಿರ ತಂದರೆ ಸರಿ. ಒಂದು ಸಲವೂ ತುಂಬದಿದ್ದರೆ ಬಿಲ್ ಹಿಡಿದು ಅಂಗಡಿಗೆ ಹೋಗಿ.

ಬಿಸಿಲಿನಲ್ಲಿ, ಬೈಕ್ ಡಿಕ್ಕಿಯಲ್ಲಿ ಇಡಬೇಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲು ಲಿಥಿಯಂಗೆ ದೊಡ್ಡ ಶತ್ರು. ತಲೆದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡುತ್ತ ಮಲಗಬೇಡಿ. ಬಹಳ ದಿನ ಬಳಸದಿದ್ದರೆ ಅರ್ಧ ಚಾರ್ಜ್ ಇಟ್ಟು ತೆಗೆದಿಡಿ. ಹೊಟ್ಟೆ ಉಬ್ಬಿದಂತೆ ಕಂಡರೆ, ವಿಪರೀತ ಬಿಸಿಯಾದರೆ, ಕೆಳಗೆ ಬಿದ್ದು ಒಡೆದರೆ ಅಂದಿಗೇ ಬಳಸುವುದು ನಿಲ್ಲಿಸಿ. ಕಸದ ಬುಟ್ಟಿಗೆ ಹಾಕಬೇಡಿ. ಕಸದ ಗಾಡಿಯಲ್ಲಿ ಅದು ಒತ್ತಿ ಒಡೆದರೆ ಪೌರಕಾರ್ಮಿಕರ ಕೈ ಸುಡುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಡಿ.

ಅಂಗಡಿಗೆ ಹೋಗುವಾಗ ಜೊತೆಗಿರಲಿ

1. ರೇಟೆಡ್ ಕೆಪಾಸಿಟಿ ಬರೆದಿದೆಯೇ?
2. ತೂಕ ಸರಿಯಿದೆಯೇ? (10000 ಕ್ಕೆ 180 ಗ್ರಾಂ ಮೇಲೆ, 20000 ಕ್ಕೆ 350 ಗ್ರಾಂ ಮೇಲೆ)
3. ಆರ್ ನಂಬರ್ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಸಿಗುತ್ತದೆಯೇ?
4. ಟೈಪ್-ಸಿ ಇದೆಯೇ? ಇನ್‌ಪುಟ್ ಎಷ್ಟು ವಾಟ್?
5. ತಯಾರಾದ ತಿಂಗಳು, ವರ್ಷ ಯಾವುದು?
6. ಬಿಲ್ ಮತ್ತು ವಾರಂಟಿ ಸಿಕ್ಕಿತೇ?

ಕೊನೆಯ ಮಾತು. ಆಪಾಗೆ ಹದಿನೈದು ದಿನದ ನಂತರ ಅದೇ ಕಂಪನಿಯಿಂದ ಎರಡನೇ ಸುತ್ತಿಗೆ ಕರೆ ಬಂತು. ಅಬ್ಬಾ ಜೊತೆಗೆ ಬರುವುದಾದರೆ ಎರಡು ದಿನದ ಕೂಲಿ ಹೋಗುತ್ತಿತ್ತು. ನಾನು ಹೊಸ ಪವರ್ ಬ್ಯಾಂಕ್, ಬಿಲ್ಲು, ಈ ಲೆಕ್ಕದ ಹಾಳೆ ಮೂರನ್ನೂ ಅವರ ಮುಂದೆ ಇಟ್ಟೆ. ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪವರ್ ಬ್ಯಾಂಕನ್ನು ಕೈಯಲ್ಲಿ ತೂಗಿ ನೋಡಿ, "ಇದು ಭಾರ ಇದೆ" ಎಂದರು. ಒಂದು ಚೀಟಿಯಲ್ಲಿ ತಮ್ಮ ನಂಬರ್, ಖಾಲಾ ನಂಬರ್, ವಿಳಾಸ ಬರೆದು ಆಪಾ ಕೈಗೆ ಕೊಟ್ಟರು. ಒಳ್ಳೆಯ ಪವರ್ ಬ್ಯಾಂಕ್ ಇದ್ದರೂ ಆ ಚೀಟಿ ಇರಲೇಬೇಕು, ಅದನ್ನು ನೀವೂ ಮಾಡಿ.

ಮರುದಿನ ಬೆಳಿಗ್ಗೆ 6.10 ಕ್ಕೆ ಮೆಸೇಜ್ ಬಂತು: "ತಲುಪಿದೆ. ಇನ್ನೂ ಶೇ. 84 ಇದೆ." ಅಮ್ಮಿ ಅದನ್ನು ಓದಿಸಿಕೊಂಡು, ಎದ್ದು ಚಹಾಕ್ಕೆ ನೀರಿಟ್ಟರು.

— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ